ಕಂದೀಲವ್ವ ಆಡದ ಮಾತು

ನೀಲಗಡದ ಎರಡನೇ ಭಾಗದಲ್ಲಿ ಎಷ್ಟು ತಿಂದರೂ ಮಂಡಕ್ಕಿ ಮುಗಿಯುತ್ತಿರಲಿಲ್ಲ. ಮೊದಲು ಬಂದ ದೂರು ಅದೇ. ಆಟ ಬಿಡುಗಡೆಯಾದ ವಾರವೇ ಹರಿಹರದ ಮೇಷ್ಟ್ರೊಬ್ಬರು ಫೋನು ಮಾಡಿ ತರಾಟೆಗೆ ತಗೊಂಡಿದ್ದರು. "ಮೊದಲನೇ ಭಾಗದಲ್ಲಿ ಕೋಟೆ ಸಂತೆಗೆ ಹೋದ್ರೆ ಪೊಟ್ಟಣದ ತಳದಲ್ಲಿ ನಾಕು ಕಾಳು ಉಳಿದು, ಅಯ್ಯೋ ಇನ್ನೊಂಚೂರು ಇರಬಾರದಿತ್ತಾ ಅನ್ನಿಸೋದು. ಈಗ ತಿಂದಷ್ಟೂ ತುಂಬ್ಕೊಳುತ್ತೆ. ಇದೆಂಥ ಮಂಡಕ್ಕಿ ತಾಯಿ? ಆಸೇನೇ ಹುಟ್ಟಲ್ಲ!"

ಆಮೇಲೆ ಸಾಲುಸಾಲಾಗಿ ಬಂದವು. ಕೋಟೆಯ ಒಂದೊಂದು ಕಲ್ಲೂ ಕಾಣುತ್ತೆ, ಕಲ್ಲು ಎಣಿಸೋಕೆ ನಾವೇನು ಕಂಟ್ರಾಕ್ಟರಾ ಅಂದರು ಒಬ್ಬರು. ಮೊದಲ ಭಾಗದ ರಾಕ್ಷಸ ನಮ್ಮ ಸೋದರಮಾವನ ಹಾಗೇ ಕೆಮ್ಮುತ್ತಿದ್ದ, ಈಗಿನವನು ಯಾರ ಹಾಗೂ ಇಲ್ಲ, ಅವನನ್ನು ಕೊಂದು ಏನು ಸುಖ ಅಂದರು ಇನ್ನೊಬ್ಬರು. ಶಾಂಭವಿ ಎಲ್ಲವನ್ನೂ ಕೇಳಿಸಿಕೊಂಡಳು. ನಗು ಬಂತು, ಹೊಟ್ಟೆಯೂ ಉರಿಯಿತು. ಆಟ ಕಟ್ಟಿದವಳೇ ಅವಳು. ಈ ಎರಡನೇ ಭಾಗಕ್ಕಾಗಿ ಎರಡು ವರ್ಷದ ಹಗಲನ್ನೆಲ್ಲ ದಾವಣಗೆರೆಯ ಹಳೇ ಹತ್ತಿ ಮಿಲ್ಲಿನ ಮಹಡಿಯಲ್ಲಿ ಸುರಿದಿದ್ದಳು. ಮಗ್ಗಗಳು ಯಾವ ಕಾಲಕ್ಕೋ ಹೋಗಿದ್ದವು, ಆದರೂ ಕಿಟಕಿಯ ಬಿಸಿಲಲ್ಲಿ ಅಷ್ಟಿಷ್ಟು ಹತ್ತಿಯ ಎಳೆ ಇನ್ನೂ ತೇಲುತ್ತಿತ್ತು.

ಗೊತ್ತಿಲ್ಲದವರಿಗೆ ಒಂದು ಮಾತು. ನೀಲಗಡ ಕಣ್ಣು ಬಿಟ್ಟುಕೊಂಡು ಆಡುವ ಆಟವಲ್ಲ. ಹಣೆಗೆ ಬಟ್ಟೆಯ ಪಟ್ಟಿಯೊಂದನ್ನು ಕಟ್ಟಿಕೊಂಡು ಮಲಗಬೇಕು. ಜೊಂಪು ಹತ್ತುತ್ತಿರುವಾಗ ಪಟ್ಟಿ ಕಿವಿಯ ಹಿಂದಿನ ಮೂಳೆಗೆ ಮೆಲ್ಲಗೆ ಸದ್ದು ಮುಟ್ಟಿಸುತ್ತೆ: ನೀರು ಹರಿದದ್ದು, ಕುದುರೆ ಕೆನೆದದ್ದು, ಯಾರೋ ಹೆಸರು ಹಿಡಿದು ಕರೆದದ್ದು. ಅಷ್ಟೇ. ಉಳಿದದ್ದನ್ನು ಮಲಗಿದವರ ತಲೆಯೇ ಕಟ್ಟಿಕೊಳ್ಳುತ್ತೆ. ಬೀಜ ನಮ್ಮದು, ಬೆಳೆ ನಿಮ್ಮದು ಅಂತ ಮೊದಲ ಭಾಗದ ಜಾಹೀರಾತಿನಲ್ಲಿ ಹಾಕಿದ್ದರು. ನೀವು ದಂಡಿನವನೋ ಮಾಂತ್ರಿಕನೋ ಆಗಿ ನೀಲಿ ಕೋಟೆಯ ಒಳಗೆ ಹೋಗಬೇಕು, ಬಾಗಿಲುಗಳನ್ನು ದಾಟಬೇಕು, ರಾಕ್ಷಸನನ್ನು ಮಣಿಸಬೇಕು. ಜತೆಗೆ ಕಂದೀಲು ಹಿಡಿದ ಹೆಂಗಸೊಬ್ಬಳು ದಾರಿ ತೋರಿಸುತ್ತ ಬರುತ್ತಾಳೆ. ಅವಳೇ ಕಂದೀಲವ್ವ. ಕೊನೆಗೆ ಅವಳು ಕೋಟೆಯ ಅಗಸೆ ಬಾಗಿಲ ತನಕ ನಿಮ್ಮನ್ನು ಕರೆತಂದು, ಒಂದು ಮಾತು ಹೇಳಿ ಹೊರಡುತ್ತಾಳೆ. ನಿಮಗೆ ಎಚ್ಚರವಾಗುತ್ತೆ.

ಎರಡನೇ ಭಾಗದ ಹೊತ್ತಿಗೆ ಪಟ್ಟಿ ಜಾಣವಾಗಿತ್ತು. ಸದ್ದಿನ ಜತೆ ಬಣ್ಣ, ಬೆಳಕು, ಕಲ್ಲಿನ ತಂಪು, ಮಂಡಕ್ಕಿಯ ಗರಿಗರಿ, ಎಲ್ಲವನ್ನೂ ಅದೇ ಕೊಡುತ್ತಿತ್ತು. ಮಲಗಿದವರಿಗೆ ಕಟ್ಟಿಕೊಳ್ಳೋಕೆ ಏನೂ ಉಳಿದಿರಲಿಲ್ಲ. ಹೊಟ್ಟೆ ತುಂಬಿದವನ ಬಾಯಿಗೆ ಹೋಳಿಗೆ ತುರುಕಿದ ಹಾಗಾಗಿತ್ತು.

ಇದನ್ನೆಲ್ಲ ಸರಿಮಾಡಬಹುದಿತ್ತು. ಆದರೆ ಹಿಂದೆಯೇ ಬೇರೆ ಥರದ ಫೋನು ಬರತೊಡಗಿದವು. ಈ ಸಲ ಆಡಿದವರು ಮಾಡಿದ್ದಲ್ಲ, ಆಡಿದವರ ಮನೆಯವರು ಮಾಡಿದ್ದು.

"ಮಧ್ಯಾಹ್ನ ಮಲಗಿದೋಳು ಎದ್ದೇ ಇಲ್ಲ ಕಣ್ರೀ."

ಎಲ್ಲರಿಗೂ ಹೀಗಾಗುತ್ತಿರಲಿಲ್ಲ. ಹೆಚ್ಚಿನವರು ಒಂದೆರಡು ತಾಸು ತಡವಾಗಿ, ಹಸಿವಾದಾಗ, ಮುಖ ಸಣ್ಣಗೆ ಮಾಡಿಕೊಂಡು ಏಳುತ್ತಿದ್ದರು. ಕೆಲವರು ಮಾತ್ರ ಏಳುತ್ತಲೇ ಇರಲಿಲ್ಲ. ಉಸಿರು ಸರಿ, ನಾಡಿ ಸರಿ, ಜ್ವರವಿಲ್ಲ, ಸುಮ್ಮನೆ ನಿದ್ದೆ. ಜಗಳೂರಿನಲ್ಲಿ ಒಬ್ಬ ಅಪ್ಪ ಗಾಬರಿಬಿದ್ದು ಮಗಳ ಹಣೆಯ ಪಟ್ಟಿ ಕಿತ್ತೇಬಿಟ್ಟಿದ್ದ. ಎದ್ದಳು ನಿಜ. ಎದ್ದವಳು ಮಣ್ಣಿಗೆ ಹೋಗಿ ಬಂದವರ ಹಾಗೆ ಮೂಲೆ ಹಿಡಿದು ಕೂತಳು, ಹೆತ್ತಮ್ಮ ಕರೆದರೂ ತಿರುಗಲಿಲ್ಲ. ಇನ್ನೂ ಹಾಗೇ ಕೂತಿದ್ದಳು. ಅವತ್ತಿನಿಂದ ಯಾರೂ ಪಟ್ಟಿ ಕೀಳಬೇಡಿ ಅಂತ ಕಂಪನಿ ಎಲ್ಲರಿಗೂ ಹೇಳಿತು. ವಿಚಿತ್ರವೆಂದರೆ, ಇಂಗ್ಲಿಷಿನಲ್ಲೂ ಹಿಂದಿಯಲ್ಲೂ ಆಡುವವರಿಗೆ ಏನೂ ಆಗುತ್ತಿರಲಿಲ್ಲ. ಕನ್ನಡದಲ್ಲಿ ಆಡುವವರಿಗೆ ಮಾತ್ರ ಈ ಗ್ರಹಚಾರ.

"ಮೇಡಂ, ಇಲ್ಲಿ ನೋಡಿ." ಪಟ್ಟಿ ತಯಾರಿಸಿದ ಇಂಜಿನಿಯರ್ ಇಮ್ತಿಯಾಜ್ ಪರದೆಯ ಮೇಲೆ ಎರಡು ಗೆರೆ ಎಳೆದು ತೋರಿಸಿದ. "ಇದು ಮೊದಲ ಭಾಗ ಆಡಿದವರ ನಿದ್ದೆ. ಕೊನೇಲಿ ಕಂದೀಲವ್ವ ಹೊರಡೋ ಮಾತಾಡ್ತಾಳೆ. ಅದಾದ ತಕ್ಷಣ ಈ ಚಿಕ್ಕ ಉಬ್ಬು ಇದೆಯಲ್ಲ, ಅದು ಮಲಗಿದವರು ಅವಳಿಗೆ ಕೊಡೋ ಉತ್ತರ. ಹ್ಞೂಂ ಅಂತಾರೋ ಏನೋ. ಆ ಹ್ಞೂಂ ಸಿಕ್ಕ ಕೂಡಲೇ ಪಟ್ಟಿ ನಿದ್ದೆ ಸಡಿಲ ಮಾಡುತ್ತೆ."

"ಎರಡನೇ ಭಾಗದ್ದು?"

"ಉಬ್ಬೇ ಇಲ್ಲ. ಯಾರೂ ಉತ್ತರ ಕೊಡ್ತಿಲ್ಲ. ಉತ್ತರ ಬರೋ ತನಕ ಪಟ್ಟಿ ತಾನಾಗಿ ಬಿಡಲ್ಲ, ಹಸಿವು ಎಳೆದವರು ಮಾತ್ರ ಹೇಗೋ ಏಳ್ತಾರೆ. ಕೊನೇ ದೃಶ್ಯ ಮತ್ತೆ ಮತ್ತೆ ತಿರುಗ್ತಾ ಇರುತ್ತೆ."

"ಏನು ಬದಲಾಗಿದೆ ಇಮ್ತಿಯಾಜ್? ಮಾತೂ ಅದೇ, ದನಿಯೂ ಅದೇ!"

ದನಿ ಶಾಂಭವಿಯದು. ಮೊದಲ ಭಾಗ ಮಾಡುವಾಗ ಕಲಾವಿದರನ್ನು ಕರೆಸೋ ತ್ರಾಣ ಕಂಪನಿಗೆ ಇರಲಿಲ್ಲ. ಮನೆಯ ನಡುಕೋಣೆಯಲ್ಲೇ ಹಗ್ಗಕ್ಕೆ ಕೌದಿ ಇಳಿಬಿಟ್ಟು, ಹೊರಗಿನ ಸದ್ದು ಬಾರದ ಹಾಗೆ ಮಾಡಿ, ಕಂದೀಲವ್ವನ ಮಾತನ್ನೆಲ್ಲ ಅವಳೇ ಆಡಿದ್ದಳು. ಹಗ್ಗ ಸಾಲದ ಕಡೆ ಕೌದಿಯ ತುದಿ ಎತ್ತಿ ಹಿಡಿದು ನಿಂತಿದ್ದವನು ಅವಳ ಗಂಡ ಪಾಲಾಕ್ಷ. ಮದುವೆಯಾದ ಹೊಸತು. ಎರಡನೇ ಭಾಗಕ್ಕೆ ಆ ಕಷ್ಟವಿರಲಿಲ್ಲ. ಯಂತ್ರಕ್ಕೆ ಅವಳ ದನಿ ಕಲಿಸಿ, ಬರೆದ ಮಾತನ್ನು ಕೊಟ್ಟರೆ ಅದೇ ಆಡುತ್ತಿತ್ತು.

ಶಾಂಭವಿ ಪರೀಕ್ಷೆಯ ಪಟ್ಟಿ ಕಟ್ಟಿಕೊಂಡು ಅಲ್ಲೇ ಬೆಂಚಿನ ಮೇಲೆ ಒರಗಿದಳು. ಪರೀಕ್ಷೆಯ ಪಟ್ಟಿಗೆ ಅಲಾರಾಂ ಇರುತ್ತೆ, ಉತ್ತರ ಬಂದರೂ ಬರದಿದ್ದರೂ ಎಬ್ಬಿಸಿಬಿಡುತ್ತೆ.

ಕಣ್ಣು ಮುಚ್ಚಿದ್ದೇ ತಡ ಮಿಲ್ಲಿನ ಹತ್ತಿಯ ಎಳೆಗಳು ಹಿಮವಾದವು. ಹಿಮದ ಆಚೆ ಕೋಟೆ, ನೆನೆಸಿಟ್ಟ ನೀಲಿ ಬಟ್ಟೆಯ ಹಾಗೆ ತೊಟ್ಟಿಕ್ಕುತ್ತ ನಿಂತಿತ್ತು. ಮುಂದೆ ಕಂದೀಲು ತೂಗುತ್ತ ಹೋಗುತ್ತಿತ್ತು, ಹಿಂದೆ ತಾನು. ನಡೆದರೂ ಕಾಲಿಗೆ ನೆಲ ಸಿಕ್ಕಂತಿಲ್ಲ, ಆದರೂ ದಾರಿ ಸವೆಯುತ್ತಿತ್ತು. ಬಾಗಿಲುಗಳು ಒಂದರ ಹಿಂದೆ ಒಂದು ಕಣ್ಣು ಬಿಟ್ಟ ಹಾಗೆ ತೆರೆದುಕೊಂಡವು. ಅಗಸೆಗೆ ಬಂದಾಗ ಕಂದೀಲವ್ವ ತಿರುಗಿದಳು. ಮುಖದ ಮೇಲೆ ಬೆಳಕು ಬಿದ್ದು ಮುಖವೇ ಕಾಣಲಿಲ್ಲ. "ಸರಿ, ನಾನು ಹೋಗ್ತೀನಿ" ಅಂದಳು, ಶಾಂಭವಿಯದೇ ದನಿಯಲ್ಲಿ.  ಶಾಂಭವಿ ಕೈ ಚಾಚಿ ಅವಳ ಸೆರಗು ಹಿಡಿದುಕೊಂಡಳು. ಬಿಡಬಾರದು ಅನ್ನುವುದೊಂದು ಗೊತ್ತಿತ್ತು, ಯಾಕೆ ಅನ್ನುವುದು ಗೊತ್ತಿರಲಿಲ್ಲ.

ಅಲಾರಾಂ ಹೊಡೆಯಿತು. ಎದ್ದಾಗ ಕೆನ್ನೆ ಒದ್ದೆಯಾಗಿತ್ತು.

"ಏನಾಯ್ತು ಮೇಡಂ?" ಅಂದ ಇಮ್ತಿಯಾಜ್.

"ಹತ್ತಿ ಎಳೆ ಕಣ್ಣಿಗೆ ಬಿತ್ತು ಕಣೋ" ಅಂದಳು.

ಅಷ್ಟರಲ್ಲಿ ಅವಳ ಫೋನು ಕೂಗಿತು. ಅತ್ತೆ ಹಾಲಮ್ಮ. "ಯವ್ವಾ ಶಾಂಭವಿ, ಪಾಲಾಕ್ಷ ಏಳ್ತಿಲ್ಲವ್ವಾ. ನಿನ್ನೆ ಮಧ್ಯಾಹ್ನ ಮಲಗಿದೋನು. ಭಟ್ಟಿ ಆಯಾಸ ಇರಬೇಕು ಅಂತ ರಾತ್ರಿ ನಾನೂ ಎಬ್ಬಿಸ್ಲಿಲ್ಲ. ಈಗ ನೋಡಿದ್ರೆ ಹಣೆಗೆ ಆ ನಿನ್ನ ಹಾಳು ಪಟ್ಟಿ ಐತೆ."

ನಿನ್ನೆಯಿಂದ! ರಾತ್ರಿ ಮನೆಗೆ ಹೋದವಳು ಅವನು ಮಲಗಿದ್ದನ್ನು ನೋಡಿ, ದೀಪವೂ ಹಾಕದೆ ಪಕ್ಕದಲ್ಲೇ ಉರುಳಿಕೊಂಡು, ಬೆಳಿಗ್ಗೆ, ಭಟ್ಟಿಗೆ ಹೋಗಬೇಕಾದವನು ಇನ್ನೂ ಮಲಗಿದ್ದಾನೆ ಅನ್ನುವುದೂ ಹೊಳೆಯದೆ, ಎದ್ದು ಹಾಗೇ ಬಂದಿದ್ದಳು. ಗಂಡನ ಹಣೆಯಲ್ಲಿ ಪಟ್ಟಿ ಇದೆಯೋ ಇಲ್ಲವೋ ಅಂತ ನೋಡುವಷ್ಟೂ ಅವನ ಕಡೆ ತಿರುಗಿರಲಿಲ್ಲ. ಕೆಳಗೆ ಓಡಿ ಸಿಕ್ಕಿದ ಆಟೋ ಹತ್ತಿದಳು.

ಪಾಲಾಕ್ಷನದು ಮಂಡಕ್ಕಿ ಭಟ್ಟಿ. ಕೋಳಿ ಕೂಗುವ ಮುಂಚೆ ಎದ್ದು ಕಾದ ಮರಳಿನಲ್ಲಿ ಅಕ್ಕಿ ಹುರಿಯಲು ನಿಂತರೆ ಮಧ್ಯಾಹ್ನದ ತನಕ ಹೊಗೆ, ಬೆವರು. ಉಂಡು ಮಲಗಿದರೆ ನೀಲಗಡ. ಮೊದಲ ಭಾಗವನ್ನು ಅವನಷ್ಟು ಸಲ ಆಡಿದವರು ಯಾರೂ ಇರಲಿಕ್ಕಿಲ್ಲ. "ನಿನ್ನೆ ಕೋಟೆ ಹಿಂದುಗಡೆ ನಮ್ಮ ಭಟ್ಟಿ ಇತ್ತು ಕಣೇ" ಅಂತ ಒಂದು ದಿನ ಹೇಳಿದ್ದ. "ರಾಕ್ಷಸ ಬಂದು ಎರಡು ಸೇರು ತಗೊಂಡು ಹೋದ. ಪಾಪ, ಹಸಿದಿದ್ದ." ಅವನಿಗೆ ರಾಕ್ಷಸನೂ ಗಿರಾಕಿಯೇ. ಇಷ್ಟು ಸಲ ಯಾಕೆ ಆಡ್ತೀರಿ, ಬೇಜಾರಾಗಲ್ವಾ ಅಂತ ಅವಳು ಕೇಳಿದ್ದಕ್ಕೆ ನಕ್ಕು ಸುಮ್ಮನಾಗಿದ್ದ.

ಕೋಣೆಯಲ್ಲಿ ಅವನು ಮಗ್ಗುಲಾಗಿ ಮಲಗಿದ್ದ. ಡಾಕ್ಟರು ಬಂದು ಕೈಗೆ ಗ್ಲೂಕೋಸ್ ಹಾಕಿ ಹೋಗಿದ್ದರು. ಸಂಜೆಯೊಳಗೆ ತಾನಾಗಿ ಏಳದಿದ್ದರೆ ಆಸ್ಪತ್ರೆಗೆ ಸೇರಿಸಿ ಪಟ್ಟಿ ಬಿಚ್ಚಲೇಬೇಕು, ಆಮೇಲಿನದು ದೈವಚಿತ್ತ ಅಂದಿದ್ದರಂತೆ. ಶಾಂಭವಿಗೆ ಜಗಳೂರಿನ ಹುಡುಗಿ ಕಣ್ಣ ಮುಂದೆ ಬಂದಳು. ಇವನೂ ಹಾಗೇ ಎದ್ದು ಕೂತು, ತನ್ನನ್ನು ನೋಡಿಯೂ ನೋಡದ ಹಾಗೆ ಗೋಡೆ ನೋಡುತ್ತ ಇದ್ದುಬಿಟ್ಟರೆ? ಅಷ್ಟು ವರ್ಷದ ನಗು, ಆ ರಾಕ್ಷಸ, ಆ ಎರಡು ಸೇರು, ಎಲ್ಲ ಅಗಸೆಯ ಆಚೆಯೇ ಉಳಿದುಬಿಟ್ಟರೆ?

"ರೀ. ರೀ, ಏಳ್ರೀ. ನಾನು ಬಂದಿದೀನಿ." ಭುಜ ಹಿಡಿದು ಅಲುಗಿಸಿದಳು. ಇಲ್ಲ. ಬೆರಳು ಮಾತ್ರ ಹೊದಿಕೆಯ ತುದಿಯನ್ನು ಬಿಗಿಯಾಗಿ ಹಿಡಿದಿತ್ತು. ಬಿಡಿಸಲು ನೋಡಿದರೆ ಇನ್ನೂ ಬಿಗಿಯಾಯಿತು.

"ಬೆಳಿಗ್ಗೆಯಿಂದ ಹಂಗೇ ಹಿಡ್ಕೊಂಡಾನೆ" ಅಂದರು ಹಾಲಮ್ಮ. "ಅದೇನು ಸಿಕ್ಕೈತೋ ಕೈಗೆ."

ಇಲ್ಲಿ ಅಳುತ್ತ ಕೂತರೆ ಆಗುವುದಿಲ್ಲ ಅನ್ನಿಸಿತು ಅವಳಿಗೆ. ತಪ್ಪು ಎಲ್ಲೋ ಮಿಲ್ಲಿನಲ್ಲಿದೆ, ತಾನು ಕಟ್ಟಿದ್ದರಲ್ಲಿದೆ, ಹುಡುಕಬೇಕು. ಎದ್ದು ಕಣ್ಣೊರೆಸಿಕೊಂಡಳು. "ಅತ್ತೆ, ಸಂಜೆಯೊಳಗೆ ಏನಾದ್ರೂ ದಾರಿ ಸಿಗುತ್ತೆ. ನೀವು ಇವರ ಹತ್ರಾನೇ ಇರಿ. ನಾನು ಹೋಗ್ತೀನಿ."

"ಬಿಡ್ತು ಅನ್ನು!" ಹಾಲಮ್ಮ ಸರ್ರನೆ ತಿರುಗಿದರು. "ಹಾಸಿಗೆ ಹಿಡಿದ ಗಂಡನ ತಲೆದೆಸೇಲಿ ನಿಂತು ಹೋಗ್ತೀನಿ ಅಂತೀಯಲ್ಲ! ಹೋಗಿ ಬರ್ತೀನಿ ಅನ್ನೋಕೆ ಬಾಯಿಗೇನು ಬಂದೈತೆ? ಎರಡು ವರ್ಷದಿಂದ ಇದೇ ಆಯ್ತು. ಒಂದಿನ ಹೋಗ್ತೀನಿ ಅಂತೀಯ, ಒಂದಿನ ಅದೂ ಇಲ್ಲ, ಚಪ್ಪಲಿ ಸದ್ದು ಕೇಳಿದ್ರೆ ನೀ ಹೋದೆ ಅಂತ ನಾವು ತಿಳ್ಕೋಬೇಕು."

ಶಾಂಭವಿ ಬಾಗಿಲಲ್ಲೇ ನಿಂತುಬಿಟ್ಟಳು.

ಸರಿ, ನಾನು ಹೋಗ್ತೀನಿ. ಕಂದೀಲವ್ವನ ಮಾತು. ಅದನ್ನು ಬರೆದವಳು ತಾನೇ. ಕತೆ ಮುಗಿಸುವ ಅವಸರದಲ್ಲಿ ಹಾಗೇ ಬರೆದಿದ್ದಳು. ಮೊದಲ ಭಾಗಕ್ಕೂ ಅದನ್ನೇ ಓದಿದ್ದಳು. ಓದಿದ್ದಳಾ? ಇಮ್ತಿಯಾಜನಿಗೆ ಫೋನು ಮಾಡಿದಳು. "ಮೊದಲ ಭಾಗದ ಕೊನೇ ಮಾತು ಹಾಕಪ್ಪ. ಬರೆದದ್ದು ಬೇಡ, ದನಿ. ನನಗೆ ಕೇಳಿಸು."

ಫೋನಿನಲ್ಲಿ ಗರಗರ ಸದ್ದಾಯಿತು. ಆಮೇಲೆ ಆ ಹಳೇ ನಡುಕೋಣೆಯ ಮೌನ, ಕೌದಿಯೊಳಗಿನ ಮೌನ. ಅದರಿಂದ ಅವಳದೇ ದನಿ, ಎಷ್ಟೋ ಎಳೆಯ ದನಿ ಹೊರಗೆ ಬಂತು. "ಸರಿ, ನಾನು ಹೋಗಿ ಬರ್ತೀನಿ."

ನೆನಪಾಯಿತು. ಗೋಡೆಗೆ ಮಾತಾಡಿದ ಹಾಗೆ ಆಗುತ್ತೆ ಅಂತ, ಕೌದಿ ಹಿಡಿದು ನಿಂತಿದ್ದ ಪಾಲಾಕ್ಷನ ಮುಖ ನೋಡಿಕೊಂಡು ಆ ಮಾತು ಆಡಿದ್ದಳು. ಬರೆದದ್ದು ಹೋಗ್ತೀನಿ ಅಂತ. ಎದುರಿಗೆ ಗಂಡ ನಿಂತಿರುವಾಗ ನಾಲಿಗೆ ಅದನ್ನು ಆಡಲಿಲ್ಲ. ಆಡಬಾರದ್ದನ್ನು ತಾನೇ ತಿದ್ದಿಕೊಂಡಿತ್ತು, ಅವಳಿಗೆ ಗೊತ್ತೂ ಆಗಿರಲಿಲ್ಲ. ಪಾಲಾಕ್ಷ ಮೈಮರೆತು "ಹ್ಞೂಂ, ಹೋಗಿ ಬಾ" ಅಂದುಬಿಟ್ಟಿದ್ದ. ಅಯ್ಯೋ, ನಿಮ್ಮ ದನೀನೂ ಸೇರ್ಕೊಂತಲ್ರೀ ಅಂತ ಇಬ್ಬರೂ ನಕ್ಕು ನಕ್ಕು, ಆಮೇಲೆ ಆ ಹ್ಞೂಂ ಅನ್ನು ಕತ್ತರಿಸಿ ತೆಗೆದಿದ್ದರು.

ಯಂತ್ರದ ಬಾಯಿಗೆ ಅಮ್ಮ ಇಲ್ಲ, ಅತ್ತೆ ಇಲ್ಲ. ಬಿಡ್ತು ಅನ್ನು ಅಂತ ಅದಕ್ಕೆ ಯಾರೂ ಹೇಳಿಲ್ಲ. ಬರೆದದ್ದನ್ನು ಬರೆದ ಹಾಗೇ ಓದಿತ್ತು. ಹೋಗ್ತೀನಿ ಅಂತ ಹೊರಟವಳಿಗೆ ಕನ್ನಡದ ಯಾವ ಮನುಷ್ಯ ಹ್ಞೂಂ ಅಂತಾನೆ? ಹಾಗನ್ನಬಾರದು, ಬರ್ತೀನಿ ಅಂತ ಹೇಳು ಅಂತ ಸೆರಗು ಹಿಡಿದು ಕೂತಿದ್ದರು ಅಷ್ಟೂ ಜನ. ಕಂದೀಲವ್ವನಿಗೆ ಆ ಮಾತು ಬರುತ್ತಿರಲಿಲ್ಲ. ಅವರು ಬಿಡುತ್ತಿರಲಿಲ್ಲ.

"ಇಮ್ತಿಯಾಜ್, ಈ ಮಾತನ್ನ ಈಗಲೇ ಬದಲಾಯಿಸಿದ್ರೆ?"

"ಹೊಸದಾಗಿ ಮಲಗೋರಿಗೆ ಸರಿಹೋಗುತ್ತೆ ಮೇಡಂ. ಆಗಲೇ ಮಲಗಿರೋರ ಪಟ್ಟಿಗೆ ಹೊಸದೇನೂ ಇಳಿಯಲ್ಲ. ಅವರಿಗೆ ಹೊರಗಿನಿಂದಲೇ, ಕಿವಿಗೇ ಹೇಳಬೇಕು. ಅದೂ ಅದೇ ದನೀಲಿ."

ಶಾಂಭವಿ ಫೋನು ಕೆಳಗಿಟ್ಟು ಗಂಡನ ಪಕ್ಕ ಕೂತಳು. ಮಧ್ಯಾಹ್ನದ ಬಿಸಿಲು ಹೊದಿಕೆಯ ಮೇಲೆ ನೀಲಿಯಾಗಿ ಬಿದ್ದಿತ್ತು, ಕಿಟಕಿಯ ಪರದೆ ನೀಲಿ ಬಣ್ಣದ್ದು. ಅವನ ರೆಪ್ಪೆಯ ಕೆಳಗೆ ಕಣ್ಣು ನಿಧಾನಕ್ಕೆ ಸರಿದಾಡುತ್ತಿತ್ತು. ಯಾರನ್ನೋ ನೋಡುತ್ತಿದ್ದ. ಯಾರನ್ನು ಅಂತ ಅವಳಿಗೆ ಈಗ ಗೊತ್ತಾಯಿತು. ಇಷ್ಟು ಸಲ ಯಾಕೆ ಆಡ್ತೀರಿ ಅಂದಾಗ ಯಾಕೆ ನಕ್ಕು ಸುಮ್ಮನಾಗಿದ್ದ ಅನ್ನುವುದೂ ಗೊತ್ತಾಯಿತು. ಮನೆಯಲ್ಲಿ ಕೇಳದ ಮಾತನ್ನು ಕೇಳಿಸಿಕೊಳ್ಳಲು ದಿನಾ ಅಷ್ಟು ದೂರ ಹೋಗಿ ಬರುತ್ತಿದ್ದ. ಎರಡನೇ ಭಾಗದಲ್ಲಿ ಅದೂ ಸಿಗಲಿಲ್ಲ. ಅಲ್ಲೂ ಇವಳು ಹೋಗ್ತೀನಿ ಅಂದಿದ್ದಳು.

ಬಾಗಿ ಕಿವಿಯ ಹತ್ತಿರ ಹೇಳಿದಳು. "ಸರಿ, ನಾನು ಹೋಗಿ ಬರ್ತೀನಿ."

ಅವನ ಉಸಿರು ಒಂದು ಕ್ಷಣ ನಿಂತಂತಾಯಿತು. ಹೊದಿಕೆ ಹಿಡಿದ ಬೆರಳು ಸ್ವಲ್ಪ ಸಡಿಲವಾಯಿತು. ಆದರೆ ಬಿಡಲಿಲ್ಲ. ತುಟಿ ಅಲುಗಿತು. ನಿದ್ದೆಯ ಆಳದಿಂದ, ಬಾವಿಯೊಳಗಿಂದ ಬಂದ ಹಾಗೆ, ಒಂದೇ ಮಾತು ಬಂತು.

"ಯಾವಾಗ?"

ಹಾಲಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡರು.  ಇದಕ್ಕೆ ಶಾಂಭವಿಯ ಹತ್ತಿರ ಬರೆದಿಟ್ಟ ಉತ್ತರ ಯಾವುದೂ ಇರಲಿಲ್ಲ. ಎರಡು ವರ್ಷದಿಂದ ಊಟಕ್ಕೆ ಬರ್ತೀಯಾ ಅಂದರೆ ನೋಡೋಣ ಅಂದಿದ್ದಳು, ಹಬ್ಬಕ್ಕೆ ಇರ್ತೀಯಾ ಅಂದರೆ ಗೊತ್ತಿಲ್ಲ ಅಂದಿದ್ದಳು. ಈಗ ಸುಳ್ಳು ಹೇಳಿ ಎಬ್ಬಿಸಿಬಿಡಬಹುದಿತ್ತು. ಸುಳ್ಳಿಗೆ ಅವನು ಕೈ ಬಿಡುತ್ತಾನೆ ಅಂತ ಅವಳಿಗೆ ಅನ್ನಿಸಲಿಲ್ಲ.

"ಇವತ್ತೇ" ಅಂದಳು. "ದೀಪ ಹಚ್ಚೋ ಹೊತ್ತಿಗೆ. ಖಂಡಿತ ಬರ್ತೀನಿ ರೀ. ದಿನಾ ಬರ್ತೀನಿ."

ಬೆರಳು ಬಿಚ್ಚಿಕೊಂಡವು. "ಹ್ಞೂಂ, ಹೋಗಿ ಬಾ" ಅಂದ ಪಾಲಾಕ್ಷ. ಅಂದು, ಕಣ್ಣು ಬಿಟ್ಟ.

ಅತ್ತೆ ಸೊಸೆ ಇಬ್ಬರೂ ಒಟ್ಟಿಗೇ ಅತ್ತರು. ಅವನು ಗಾಬರಿಯಾಗಿ ಇಬ್ಬರ ಮುಖವನ್ನೂ ನೋಡಿದ. "ಏನ್ರವ್ವಾ ಇದು? ಭಟ್ಟಿಗೆ ಯಾರೂ ಬೆಂಕಿ ಹಾಕ್ಲಿಲ್ವಾ?" ಅಂದ. ಕೈಗೆ ಚುಚ್ಚಿದ ಸೂಜಿ ನೋಡಿ ಇನ್ನೂ ಗಾಬರಿಯಾದ. ಎಲ್ಲ ಹೇಳಿದ ಮೇಲೆ ಕೇಳಿದ, "ಬೇರೆ ಮನೆಗಳಲ್ಲೂ ಹಿಂಗೇ ಮಲಗಿದಾರಾ?"

"ಮಲಗಿದಾರೆ."

"ಮತ್ತೆ ಇಲ್ಲಿ ನನ್ನ ಮುಖ ನೋಡ್ಕೊಂಡು ಕೂತ್ರೆ ಹೆಂಗೆ? ಹೋಗಿ ಬಾ."

ಮಿಲ್ಲಿನಲ್ಲಿ ಇಮ್ತಿಯಾಜ್ ಮೊದಲು ಆಟದಲ್ಲಿ ಆ ಮಾತನ್ನು ಶಾಂಭವಿಯ ಬಾಯಿಂದಲೇ ಹೇಳಿಸಿ ಬದಲಾಯಿಸಿದ. ಆಮೇಲೆ ಒಂದೊಂದೇ ಮನೆಗೆ ಫೋನು. ಮನೆಯವರು ಮಲಗಿದವರ ಕಿವಿಗೆ ಫೋನು ಹಿಡಿಯುವುದು, ಇವಳು ಹೇಳುವುದು. ಹ್ಞೂಂ ಅಂದು ಎದ್ದವರು ಹಲವರು. ಯಾವಾಗ ಅಂತ ಕೇಳಿದವರೂ ಇದ್ದರು. ಅವರಿಗೆ "ನಾಳೆ ಮಧ್ಯಾಹ್ನ, ನೀವು ಮಲಗಿದ ಕೂಡ್ಲೇ" ಅಂದಳು. ಕಂದೀಲವ್ವನ ಮಟ್ಟಿಗೆ ಅದು ನಿಜವೇ ಆಗಿತ್ತು. ಜಗಳೂರಿನ ಹುಡುಗಿ ಎಚ್ಚರವಾಗಿಯೇ ಮೂಲೆಯಲ್ಲಿ ಕೂತಿದ್ದಳು. ಮಾತು ಕೇಳಿ ತಾಯಿಯ ಕಡೆ ತಿರುಗಿ "ಅಮ್ಮಾ, ಹಸಿವು" ಅಂದಳಂತೆ. ಹರಿಹರದ ಮೇಷ್ಟ್ರು ದೂರು ಕೊಟ್ಟೂ ಆಟ ಬಿಟ್ಟಿರಲಿಲ್ಲ, ಅವರೂ ಮಲಗಿದ್ದರು. ನಿದ್ದೆಯಲ್ಲೇ, "ಬರುವಾಗ ಮಂಡಕ್ಕಿ ತಗೊಂಬಾರಮ್ಮ, ಮುಗಿಯೋ ಅಂಥದ್ದು" ಅಂದರು.

ಕಿಟಕಿಯಲ್ಲಿ ತೇಲುತ್ತಿದ್ದ ಎಳೆಗಳು ಕೆಂಪಗಾದವು. ಶಾಂಭವಿ ಎದ್ದಳು.

"ಮೇಡಂ, ಇನ್ನೂ ಒಂದಿಷ್ಟು ಮನೆ ಇವೆ" ಅಂದ ಇಮ್ತಿಯಾಜ್.

"ನಂಬರ್ ಕಳಿಸು, ನಮ್ಮ ಮನೆಯಿಂದಲೇ ಮಾತಾಡ್ತೀನಿ. ಒಂದು ಕಡೆ ಮಾತು ಕೊಟ್ಟಿದೀನಿ ಕಣೋ." ಮೆಟ್ಟಿಲ ಹತ್ತಿರ ಹೋದವಳು ತಿರುಗಿದಳು. "ಹೋಗಿ ಬರ್ತೀನಿ."

ಬೀದಿ ತಿರುಗುವಷ್ಟರಲ್ಲಿ ಹೊತ್ತು ಮುಳುಗಿತ್ತು. ಆಟೋ ನಿಲ್ಲುವ ತನಕ ಕಾಯದೆ ಇಳಿದು ಓಡಿದಳು. ಒಳಗೆ ಹಾಲಮ್ಮ ದೇವರ ಮುಂದೆ ಬತ್ತಿ ಹೊಸೆದಿಟ್ಟುಕೊಂಡು, ಇನ್ನೂ ಹಚ್ಚದೆ, ಕಡ್ಡಿಪೆಟ್ಟಿಗೆ ಹಿಡಿದು ಸುಮ್ಮನೆ ಕೂತಿದ್ದರು. ಪಾಲಾಕ್ಷ ಶಾಲು ಹೊದ್ದು ಹೊಸ್ತಿಲ ಮೇಲೆ ಕೂತು ಬೀದಿ ನೋಡುತ್ತಿದ್ದ.

"ಬಂದ್ಯಾ?" ಅಂದ.

"ಬಂದೆ ರೀ" ಅಂದಳು.

ಒಳಗೆ ಕಡ್ಡಿ ಗೀರಿದ ಸದ್ದು ಕೇಳಿಸಿತು.